ಹುಸೇನ್ ಸಾಬ್ರ ತರಿ ಡಬ್ಬಿ

ಶಿಡ್ಲಘಟ್ಟದಲ್ಲಿ ಸಾಬ್ರ ಮನೇಲಿ ಮದುವೆ ಅಂದ್ರೆ, ಹುಡುಗ ಏನ್ ಕೆಲಸ ಮಾಡ್ತಾನೆ ಅಂತ ಜನ ಆಮೇಲೆ ಕೇಳೋರು. ಮೊದ್ಲು ಕೇಳ್ತಿದ್ದಿದ್ದು, "ಅಡಿಗೆ ಯಾರ್ದು? ಹುಸೇನ್ ಸಾಬ್ರದಾ?" ಹೌದು ಅಂದ್ರೆ ಸಾಕು, ಕರೀದೇ ಇರೋರೂ ಚಿಂತಾಮಣಿಯಿಂದ ಬಸ್ ಹತ್ಕೊಂಡು ಬರೋರು.

ಹುಸೇನ್ ಸಾಬ್ರು ಬಾವರ್ಚಿ, ಮದುವೆ ಅಡಿಗೆಯವರು. ಕಲ್ಲೊಲೆ ಮೇಲೆ ತಾಮ್ರದ ದೊಡ್ಡ ದೇಗು ಇಟ್ಟು, ಹುಣಸೆ ಕಟ್ಟಿಗೆ ಉರಿ ಹಾಕಿ, ಲುಂಗಿ ಮೇಲೆತ್ತಿ ಕಟ್ಟಿ ನಿಂತ್ರೆ ಅವ್ರಿಗೆ ಬೇರೆ ಲೋಕ ಬೇಡ. ಮಾತು ಕಮ್ಮಿ. ಉಪ್ಪು ನೋಡೋಕೆ ನಾಲಿಗೆ ಮೇಲೆ ಹಾಕ್ಕೊಳ್ತಿರ್ಲಿಲ್ಲ. ಮುಚ್ಚಳ ಎತ್ತಿ, ಹಬೆ ಮುಖಕ್ಕೆ ಹೊಡೆಯೋವಾಗ ಕಣ್ಮುಚ್ಚಿ ಉಸಿರೆಳೆದು, "ಇನ್ನೊಂದು ಹಿಡಿ" ಅನ್ನೋರು. ರಂಜಾನ್ ತಿಂಗಳಲ್ಲಿ ಉಪವಾಸ ಇದ್ಕೊಂಡೇ ಅಡಿಗೆ ಮಾಡಿ ಬಂದ ಅಭ್ಯಾಸ. ಉಪವಾಸದೋರು ರುಚಿ ನೋಡಂಗಿಲ್ವಲ್ಲ.

ಕುರ್ಮ ಚೆನ್ನಾಗಿ ಬೆಂದ ಮೇಲೆ ಜಿಡ್ಡೆಲ್ಲಾ ಕೆಂಪಗೆ ಮೇಲೆ ಬಂದು ತೇಲುತ್ತೆ. ಅದಕ್ಕೆ ಅವ್ರು ತರಿ ಅಂತಾರೆ. ಮಾಂಸ ಬಿಟ್ಟ ಜಿಡ್ಡು, ಡಬ್ಬದ ವನಸ್ಪತಿ, ಮೆಣಸಿನಕಾಯಿ ಬಣ್ಣ, ಎಲ್ಲಾ ಅದ್ರಲ್ಲೇ. ತರಿ ಬೆರಳುದ್ದ ನಿಂತಿಲ್ಲ ಅಂದ್ರೆ ಅದು ಮದುವೆ ಊಟಾನೇ ಅಲ್ಲ. ಯಾವ ಮದುವೆಯಿಂದ ಬಂದ್ರೂ ಹುಸೇನ್ ಸಾಬ್ರ ಕೈಯಲ್ಲಿ ಒಂದು ಹಿತ್ತಾಳೆ ಡಬ್ಬಿ ಇರೋದು. ಮುಚ್ಚಳಕ್ಕೆ ಬಟ್ಟೆ ಸುತ್ತಿ ಬಿಗಿಯಾಗಿ ಕಟ್ಟಿರೋರು. ಒಳಗೆ ತರಿ. ಬಾಗ್ಲಲ್ಲಿ ಅದನ್ನ ಹೆಂಡ್ತಿ ಕೈಗೆ ಕೊಟ್ಟು, ಏನೂ ಹೇಳ್ದೆ, ಕೈಕಾಲು ತೊಳೆಯೋಕೆ ಹೋಗೋರು.

ಹೆಂಡ್ತಿ ಹಮೀದಾ ಬೇಗಂ. ಪಾಪ, ಗಂಡನಿಗೆ ತರಿ ಅಂದ್ರೆ ಪ್ರಾಣ ಅಂತ ಆಯಮ್ಮ ತಿಳ್ಕೊಂಡಿದ್ಲು. ದಿನವೆಲ್ಲಾ ಬೆಂಕಿ ಮುಂದೆ ನಿಂತು ಬಂದವ್ರು ಅಂತ ರೊಟ್ಟಿ ಬಿಸಿ ಮಾಡಿ, ಡಬ್ಬಿ ಪೂರ್ತಿ ಅವ್ರ ತಟ್ಟೆಗೆ ಬಗ್ಗಿಸೋಳು. ಮಗಳು ಷಮೀಮ್‌ಗೆ ಒಂಚೂರು. ತಾನು ಡಬ್ಬಿ ಒಳಗೆ ರೊಟ್ಟಿ ತುಂಡು ಒರೆಸ್ಕೊಂಡು ತಿನ್ನೋಳು. ಸಾಬ್ರು ಒಂದ್ಸಲ ತಟ್ಟೆ ನೋಡೋರು, ಒಂದ್ಸಲ ಆಯಮ್ಮನ್ನ ನೋಡೋರು, ಆಮೇಲೆ ತಿನ್ನೋರು.

ಹಮೀದಾ ಬೇಗಂ ಕೆಲಸ ರೇಷ್ಮೆ ನೂಲು ತೆಗೆಯೋದು. ಬಿಸಿನೀರಲ್ಲಿ ಗೂಡು ಬೇಯಿಸಿ, ಮೇಲೆ ಕುಂಚ ಆಡಿಸಿ, ಎಳೆ ತುದಿ ಹುಡುಕಬೇಕು. ತುದಿ ಸಿಕ್ತು ಅಂದ್ರೆ ಒಂದೇ ಒಂದು ಗೂಡಿಂದ ಎಳೆ ಬರ್ತಾನೇ ಇರುತ್ತೆ, ಮುಗಿಯೋದೇ ಇಲ್ಲ. ಬಿಚ್ಚಿ ಹಾಸಿದ್ರೆ ಗೂಡಿನ ಮಾರ್ಕೆಟ್ಟಿಂದ ಕೆರೆ ಏರಿವರ್ಗೂ ಬರುತ್ತೆ ಅಂತಾರೆ. ಹುಟ್ಟಿದಾಗ್ಲಿಂದ ನೋಡಿದ್ರೂ ಆಯಮ್ಮಂಗೆ ಅದು ಇವತ್ತಿಗೂ ಆಶ್ಚರ್ಯಾನೇ. ಹೆಬ್ಬೆರಳಷ್ಟು ಗೂಡಲ್ಲಿ ಅಷ್ಟುದ್ದ ಎಳೆನಾ ಆ ಹುಳ ಅದೆಂಗೆ ಮಡಿಸಿಡ್ತೋ!

ಪಕ್ಕದ ಚರಕದಲ್ಲಿ ಓಬಳಮ್ಮ ಕೂರ್ತಿದ್ಲು. ಬಾಯಿ ಸುಮ್ನಿರ್ತಿರ್ಲಿಲ್ಲ.

"ಹಮೀದಮ್ಮ, ನಿನ್ ಗಂಡ ನಿನ್ನ ಏನಂತ ಕರೀತಾನೆ?"

"ಷಮೀಮ್ ಅಮ್ಮಾ ಅಂತಾರೆ."

"ಷಮೀಮ್ ಹುಟ್ಟೋಕ್ ಮುಂಚೆ?"

"ಏಯ್ ಅನ್ನೋರು."

"ಅಯ್ಯೋ ನಿನ್ನ! ನನ್ ಗಂಡ ನಮ್ಮ ಎಮ್ಮೇನ ಅಂಗೇ ಕರೀತಾನೆ ಕಣೇ. ಅದೂ ತಿರುಗಿ ನೋಡುತ್ತೆ."

ಹಮೀದಾ ಬೇಗಂ ಸೆರಗು ಬಾಯಿಗೆ ಇಟ್ಕೊಂಡು ನಗೋಳು. ಅವ್ರ ಮನೆಗಳಲ್ಲಿ ಗಂಡನ ಹೆಸ್ರು ಹೆಂಡ್ತಿ ಹೇಳಂಗಿಲ್ಲ. ಹೆಂಡ್ತಿ ಹೆಸ್ರು ಗಂಡನೂ ಹೇಳಲ್ಲ, ಹೇಳಿದ್ರೆ ನಾಚ್ಕೆಗೇಡು. ಮದುವೆ ದಿನ ಖಾಜಿ ಸಾಬ್ರು ಕೇಳಿದಾಗ ಒಂದ್ಸಲ ಹೇಳಿರ್ಬೇಕು, ಅದೂ ಗಂಡಸ್ರ ಕಡೆ. ಆಯಮ್ಮ ಕೇಳಿಸ್ಕೊಂಡಿಲ್ಲ.

ಎಂಬತ್ತೇಳನೇ ಇಸವಿ. ಒಂದಿನ ಹುಸೇನ್ ಸಾಬ್ರ ಕೈಯಿಂದ ಸೌಟು ಜಾರಿ ಬಿತ್ತು. ಎತ್ಕೊಳ್ಳೋಕೆ ಹೋದ್ರೆ ಬೆರಳು ಮಾತು ಕೇಳ್ತಿಲ್ಲ. ಸಾಯಂಕಾಲದ ಹೊತ್ತಿಗೆ ಸರಿ ಹೋಯ್ತು. ಆದ್ರೂ ಆಯಮ್ಮ ಬಿಡ್ಲಿಲ್ಲ, ಚಿಂತಾಮಣಿಗೆ ಕರ್ಕೊಂಡು ಹೋದ್ಲು. ಅಲ್ಲಿ ಜಯರಾಮಪ್ಪ ಅಂತ ಡಾಕ್ಟ್ರು, ಒಳ್ಳೆ ಮನುಷ್ಯ. ರಕ್ತ ತೆಗೆದು ಪರೀಕ್ಷೆಗೆ ಕಳಿಸಿ, ಮುಂದಿನ ವಾರ ಬನ್ನಿ ಅಂದ್ರು. ಮುಂದಿನ ವಾರ ಸಾಬ್ರೊಬ್ರೇ ಒಳಗೆ ಹೋದ್ರು. ಆಯಮ್ಮ ಹೊರಗೆ ಬೆಂಚ್ ಮೇಲೆ ಕೂತಿದ್ಲು.

ಹೋದಷ್ಟೇ ಬೇಗ ಸಾಬ್ರು ಹೊರಗೆ ಬಂದ್ರು. ಮುಖ ಕೆಂಡ.

"ನಡಿ, ನಡಿ. ಇನ್ಮೇಲೆ ಈ ಊರ ಬಸ್ಸು ಹತ್ತಿದ್ರೆ ಕೇಳು."

"ಏನಾಯ್ತು ಜೀ?"

"ನನಗೆ ಕೊಬ್ಬಂತೆ! ಕೊಬ್ಬು ಜಾಸ್ತಿ ಆಗೈತೆ ಸಾಬ್ರೇ, ಇಳಿಸ್ಬೇಕು ಅಂತಾನೆ. ನಾನು ಯಾರ ಮುಂದೆ ಎದೆ ಸೆಟೆಸಿದೀನಿ? ಯಾರಿಗೆ ಎದುರುತ್ರ ಕೊಟ್ಟಿದೀನಿ? ಅದೂ ಎಲ್ಲಿ ಐತಂತೆ ಗೊತ್ತಾ? ರಕ್ತದಲ್ಲೇ ಐತಂತೆ! ನಮ್ಮಪ್ಪ, ನಮ್ಮ ತಾತ, ಎಲ್ರನ್ನೂ ಸೇರಿಸಿ ಅಂದ."

ಆಯಮ್ಮಂಗೂ ಮೈಯೆಲ್ಲಾ ಉರೀತು. ತಲೆ ತಗ್ಗಿಸ್ಕೊಂಡು ಬದುಕಿದ ಮನುಷ್ಯನಿಗೆ ಕೊಬ್ಬು ಅನ್ನೋದಾ? ಓದಿದೋರಿಗೆ ಇಷ್ಟೂ ಗೊತ್ತಾಗಲ್ವಾ? ಗಂಡನ ಮನಸ್ಸು ನೊಂದಿದೆ ಅಂತ ಆವತ್ತು ಮನೇಲಿ ಕಾಲು ಸೂಪು ಮಾಡಿ, ಮೇಲಿನ ಜಿಡ್ಡೆಲ್ಲಾ ಅವ್ರ ಬಟ್ಲಿಗೇ ಹಾಕಿದ್ಲು. ಡಾಕ್ಟ್ರು ಬರ್ಕೊಟ್ಟ ಮಾತ್ರೆ ತಗೊಳ್ಳೇ ಇಲ್ಲ.

ತೊಂಬತ್ತನೇ ಇಸವಿವರ್ಗೂ ಹಂಗೇ ನಡೀತು. ಆ ಬೇಸಿಗೇಲಿ ಒಂದು ಬೆಳಿಗ್ಗೆ ನಮಾಜಿಗೆ ಹೊರಟೋರು ಬಾಗ್ಲ ಹತ್ರ ನಿಂತ್ಬಿಟ್ರು. ಬಾಯಿ ಒಂದು ಕಡೆಗೆ ವಾಲಿತ್ತು. "ಟೋಪಿ" ಅನ್ನೋಕೆ ಹೋಗಿ "ಈರುಳ್ಳಿ" ಅಂದ್ರು. "ಈರುಳ್ಳಿ ಕೊಡು, ಈರುಳ್ಳಿ" ಅಂತ ತಲೆ ಮುಟ್ಟಿ ಮುಟ್ಟಿ ತೋರಿಸ್ತಾರೆ. ಆಯಮ್ಮಂಗೆ ನಗು ಬಂತು, ನಗ್ತಾ ನಗ್ತಾನೇ ಕೈಕಾಲು ತಣ್ಣಗಾಯ್ತು.

ಬೆಂಗಳೂರಿಗೆ ಕರ್ಕೊಂಡು ಹೋಗಿ ತಲೆ ಫೋಟೋ ತೆಗೆಸಿದ್ರು. ಬಾಯಿ ಸರಿ ಹೋಯ್ತು. ಮಾತೂ ಬಂತು. ಆದ್ರೆ ಕೆಲವು ಸಾಮಾನು ಒಳಗಿಂದ ಕಳೆದುಹೋಗಿತ್ತು. ಬಿರಿಯಾನಿಗೆ ಅಕ್ಕಿ ಯಾವಾಗ ಹಾಕೋದು ಅಂತ ನಿಂತು ಯೋಚನೆ ಮಾಡೋರು. ಮಸೀದಿಗೆ ಹೋದೋರು ವಾಪಸ್ ಬರೋ ದಾರಿ ಕೇಳೋರು.

ಫೋಟೋ ಹಿಡ್ಕೊಂಡು ಮತ್ತೆ ಜಯರಾಮಪ್ಪನ ಹತ್ರಾನೇ ಹೋಗ್ಬೇಕಾಯ್ತು. ಈ ಸಲ ಆಯಮ್ಮನೂ ಒಳಗೆ ಹೋದ್ಲು.

"ಆವತ್ತೇ ಹೇಳಿದ್ನಲ್ಲಮ್ಮ, ಕೊಬ್ಬು ಇಳಿಸಿ ಅಂತ" ಅಂದ್ರು ಡಾಕ್ಟ್ರು.

ಹಮೀದಾ ಬೇಗಂ ಎದ್ದು ನಿಂತ್ಲು. "ಡಾಕ್ಟ್ರೇ, ನೀವು ದೊಡ್ಡೋರು. ಆದ್ರೆ ಆ ಮಾತು ಇನ್ನೊಂದ್ಸಲ ಅನ್ಬೇಡಿ. ಇವ್ರು ಊರಲ್ಲಿ ಒಬ್ರಿಗೆ ಕೊಬ್ಬು ತೋರಿಸಿದ್ದು ಇದ್ರೆ ಕರ್ಕೊಂಡ್ ಬನ್ನಿ."

ಡಾಕ್ಟ್ರು ಮೊದ್ಲು ಬಾಯಿ ಬಿಟ್ಕೊಂಡು ನೋಡಿದ್ರು. ಆಮೇಲೆ ಕನ್ನಡಕ ತೆಗೆದು ಹಣೆ ಚಚ್ಕೊಂಡ್ರು.

"ಅಯ್ಯೋ ದೇವ್ರೇ. ಅದಕ್ಕಾ ನೀವು ಬರ್ಲಿಲ್ಲ? ಆ ಕೊಬ್ಬಲ್ಲಮ್ಮ! ಜಿಡ್ಡು, ಜಿಡ್ಡು! ನಿಮ್ಮ ಭಾಷೇಲಿ ಚರ್ಬಿ! ತಿನ್ನೋ ಜಿಡ್ಡು ರಕ್ತದಲ್ಲಿ ಸೇರ್ಕೊಂಡೈತೆ ಅಂತ ಹೇಳಿದ್ದು ನಾನು."

ಆಯಮ್ಮ ಮತ್ತೆ ಕೂತ್ಲು. ಒಂದು ಮಾತು. ಮೂರು ವರ್ಷ. ಹುಸೇನ್ ಸಾಬ್ರು ಮಾತ್ರ ನಿಧಾನವಾಗಿ, "ಚರ್ಬೀನಾ? ಹಂಗಂದ್ರೆ ಬೈಲಿಲ್ವಾ ನೀವು?" ಅಂದ್ರು. ಡಾಕ್ಟ್ರು ಅವ್ರ ಕೈ ಹಿಡ್ಕೊಂಡು, "ಇಲ್ಲ ಸಾಬ್ರೇ" ಅಂದ್ರು. ಸಾಬ್ರಿಗೆ ಅದೇ ದೊಡ್ಡ ಸಮಾಧಾನ ಆಯ್ತು.

ಡಾಕ್ಟ್ರು ಫೋಟೋನ ಬೆಳಕಿಗೆ ಹಿಡಿದ್ರು. ಕಪ್ಪು ಹಾಳೆ, ಅದ್ರಲ್ಲಿ ಬೂದು ಬಣ್ಣದ ದುಂಡುದುಂಡು ಚಿತ್ರ. ಸಾಬ್ರು ಹತ್ರ ಹೋಗಿ ಮೂಗು ತಾಗೋ ಹಂಗೆ ನೋಡಿದ್ರು.

"ಇದು ಭೇಜಾ."

"ಹೌದು. ನಿಮ್ದೇ."

"ನಂದಾ!"

ಸಾಬ್ರ ಕೈ ತಾನಾಗೇ ತಲೆ ಮೇಲೆ ಹೋಯ್ತು. "ಎಷ್ಟು ಭೇಜಾ ಹುರಿದಿದೀನಿ ಡಾಕ್ಟ್ರೇ ಈ ಕೈಯಲ್ಲಿ. ನೀರಲ್ಲಿ ಬಿಟ್ಟು ಮೇಲಿನ ಪೊರೆ ತೆಗೀವಾಗ ಬೆಣ್ಣೆ ಥರ ಜಾರುತ್ತೆ. ಜೋರಾಗಿ ಹಿಡಿದ್ರೆ ಕಲಸಿ ಹೋಗುತ್ತೆ. ನನ್ನ ತಲೇಲೂ ಅದೇನಾ ಇರೋದು?"

"ಅದೇ. ನೀರು ಬಿಟ್ರೆ ಉಳಿಯೋದ್ರಲ್ಲಿ ಅರ್ಧಕ್ಕೂ ಮಿಕ್ಕಿ ಜಿಡ್ಡೇ ಸಾಬ್ರೇ."

"ಜಿಡ್ಡಾ! ಹಂಗಾದ್ರೆ ಷಮೀಮ್ ಮದುವೆ ಇದ್ರಲ್ಲಿ ಎಲ್ಲಿದೆ? ಗೌರಿಬಿದನೂರಲ್ಲಿ ಮಾಡಿದ್ದು. ಭಾರಿ ಮಳೆ. ಒಲೆಗೆ ಛತ್ರಿ ಹಿಡಿದಿದ್ರು."

ಡಾಕ್ಟ್ರು ಫೋಟೋ ಮೇಲೆಲ್ಲಾ ಬೆರಳು ಆಡಿಸಿದ್ರು. "ಅದು ಎಲ್ಲಿ ಇರುತ್ತೆ ಅಂತ ಬೆರಳಿಟ್ಟು ತೋರ್ಸೋರು ಯಾರೂ ಇಲ್ಲ" ಅಂದ್ರು.

"ಬೆಣ್ಣೆ ಮುದ್ದೇಲಿ ಮಳೆ ಇಟ್ಟವ್ನೆ" ಅಂದ್ರು ಸಾಬ್ರು. "ಅಲ್ಲಾ, ನಿನ್ನಂಥ ಕೆಲಸಗಾರ ಎಲ್ಲವ್ನೆ!"

ಹಮೀದಾ ಬೇಗಮ್ಮೂ ಹತ್ರ ಬಂದ್ಲು. ಆಯಮ್ಮನ ಕಣ್ಣು ಚಿತ್ರದಲ್ಲಿದ್ದ ಕಪ್ಪು ಚುಕ್ಕೆಗಳ ಮೇಲಿತ್ತು. ಒಂದಿಲ್ಲಿ, ಒಂದಲ್ಲಿ. ಅಲ್ಲಿಗೆ ಹೋಗೋ ಸಣ್ಣ ನಾಳ ಕಟ್ಕೊಂಡು ರಕ್ತ ಹೋಗದೆ ಒಣಗಿ ಹೋಗೈತೆ ಅಂದ್ರು ಡಾಕ್ಟ್ರು. ಚಿಟ್ಟೆ ತೂತು ಮಾಡ್ಕೊಂಡು ಹೊರಗೆ ಬಂದ ಗೂಡು ನೆನಪಾಯ್ತು ಆಯಮ್ಮಂಗೆ. ಅಂಥ ಗೂಡಿಂದ ನೂಲು ಬರಲ್ಲ. ಎಳೆದಷ್ಟೂ ತುಂಡು ತುಂಡು.

"ಹೋಗಿರೋದು ವಾಪಸ್ ಬರಲ್ಲಮ್ಮ" ಅಂದ್ರು ಡಾಕ್ಟ್ರು. "ಇರೋದನ್ನ ಕಾಪಾಡ್ಕೊಳ್ಳಣ. ಬಿಪಿ ಮಾತ್ರೆ ಬಿಡಂಗಿಲ್ಲ. ಬೀಡಿ ಬಿಡ್ಬೇಕು. ವನಸ್ಪತಿ ಬೇಡ, ಮಾಂಸದ ಜಿಡ್ಡು ಬೇಡ. ಸೊಪ್ಪು, ಕಾಳು, ಮುದ್ದೆ. ಒಗ್ಗರಣೆಗೆ ಕಡ್ಲೆಕಾಯಿ ಎಣ್ಣೆ ಒಂಚೂರು. ಎದೆಗೆ ಆಗದ ಜಿಡ್ಡು ತಲೆಗೂ ಆಗಲ್ವೇನೋ ಅಂತ ದೊಡ್ಡ ದೊಡ್ಡೋರು ಈಗ ಹುಡುಕ್ತಾವ್ರೆ. ಖಂಡಿತ ಅಂತ ನಾನು ಹೇಳಲ್ಲ. ಆದ್ರೆ ನನ್ನ ಅಪ್ಪನಿಗಾದ್ರೂ ಇದನ್ನೇ ಹೇಳ್ತಿದ್ದೆ."

ಆಮೇಲೆ ಸಾಬ್ರನ್ನ ಪ್ರಶ್ನೆ ಕೇಳಿದ್ರು. ಇದು ಯಾವ ಊರು? ಚಿಂತಾಮಣಿ. ಇವತ್ತು ಯಾವ ವಾರ? ಶುಕ್ರವಾರ, ಅಂದ್ರು. ಮಂಗಳವಾರ ಆಗಿತ್ತು.

"ಇವ್ರು ಯಾರು?"

"ಷಮೀಮ್ ಅಮ್ಮ."

"ಷಮೀಮ್ ಅಮ್ಮನ ಹೆಸ್ರು?"

ಸಾಬ್ರು ತಲೆ ಬಗ್ಗಿಸಿದ್ರು. ಸಣ್ಣಗೆ ನಕ್ರು. ಗೋಡೆ ನೋಡಿದ್ರು. ಹೇಳ್ಲಿಲ್ಲ. ಡಾಕ್ಟ್ರು ಇನ್ನೊಂದ್ಸಲ ಕೇಳಿ, ತಲೆ ಆಡಿಸಿ ಏನೋ ಬರ್ಕೊಂಡ್ರು.

ಮರೆತಿಲ್ಲ ಸ್ವಾಮಿ, ನಮ್ಮಲ್ಲಿ ಹೇಳಲ್ಲ, ಅನ್ನೋಕೆ ಹಮೀದಾ ಬೇಗಂ ಬಾಯಿ ತೆಗೆದ್ಲು. ಅಷ್ಟರಲ್ಲಿ ಅನುಮಾನ ಬಂತು. ನಿಜವಾಗ್ಲೂ ನಾಚ್ಕೆನಾ? ಇಲ್ಲಾ ಆ ಹೆಸ್ರೂ ಕಪ್ಪು ಚುಕ್ಕೇಲಿ ಹೋಯ್ತಾ? ಒಂದು ದಿನವಾದ್ರೂ ಕರೆದಿದ್ರೆ ಇವತ್ತು ಕರೀಲಿಲ್ಲ ಅಂತ ಗೊತ್ತಾಗೋದು. ಕರೀದೇ ಇರೋರು ಮರೆತ್ರಾ ಇಲ್ವಾ ಅಂತ ಹೆಂಗೆ ತಿಳಿಯೋದು? ಆವತ್ತಿಂದ ಅದೊಂದು ಮುಳ್ಳು ಆಯಮ್ಮನ ಎದೇಲಿ ಕೂತ್ಕೊಂಡ್ತು.

ಮನೇಲಿ ವನಸ್ಪತಿ ನಿಂತ್ಹೋಯ್ತು. ಹಬ್ಬಕ್ಕೆ ಮಾಂಸ ತಂದ್ರೂ ಹಮೀದಾ ಬೇಗಂ ಸೌಟಲ್ಲಿ ತರಿ ತೆಗೆದು ತೆಗೆದು ಬೂದಿಗೆ ಸುರಿಯೋಳು. ತಾನೂ ಅದನ್ನೇ ಉಂಡ್ಲು, ಬೇರೆ ಅಡಿಗೆ ಮಾಡ್ಕೊಳ್ಲಿಲ್ಲ. ಮೊದ್ಲು ಮೊದ್ಲು ಸಾಬ್ರು ತಟ್ಟೆ ನೋಡಿ ಗೊಣಗೋರು.

"ಇದೇನು ಸಾರಾ? ಕೆರೆ ಕೋಡಿ ಬಿದ್ದಿರೋ ಹಂಗೈತೆ. ಯಾವನು ಬಾವರ್ಚಿ?"

"ನಾನೇ ಜೀ."

"ಮದುವೆಗೆ ಮಾತ್ರ ಹೋಗ್ಬೇಡ. ಬೀಗರು ಹೊಡೀತಾರೆ."

ನಗ್ಸೋಷ್ಟು ಇನ್ನೂ ಒಳಗಿತ್ತು. ನೂಲಿನ ಕೆಲಸದೋಳಲ್ವಾ, ಆಯಮ್ಮ ದಿನಾ ತುದಿ ಹುಡುಕೋಳು. "ಕೈವಾರದ ಮದುವೇಲಿ ಕೋತಿ ಬಂದಿತ್ತಲ್ಲ ಜೀ?" ಅಂದ್ರೆ ಸಾಕು, ಕೋತಿ ಲಿಂಬೆಹಣ್ಣು ಹೊತ್ಕೊಂಡು ಹೋಗಿದ್ದು, ಮದುಮಗ ಅಟ್ಟಿಸ್ಕೊಂಡು ಓಡಿದ್ದು, ಎಳೆ ಬರ್ತಾನೇ ಇರೋದು. ಇನ್ನು ಕೆಲವು ಸಲ ಕುಂಚ ಎಷ್ಟು ಆಡಿಸಿದ್ರೂ ತುದಿ ಸಿಗ್ತಿರ್ಲಿಲ್ಲ.

ದೊಡ್ಡ ಪೆಟ್ಟು ಮತ್ತೆ ಬರ್ಲಿಲ್ಲ. ಪಥ್ಯದಿಂದ್ಲೋ, ಮಾತ್ರೆಯಿಂದ್ಲೋ, ಮೇಲಿರೋನ ದಯದಿಂದ್ಲೋ, ನನಗೂ ಗೊತ್ತಿಲ್ಲ, ಪಥ್ಯ ಮಾತ್ರೆ ಎರಡೂ ಬಿಡ್ಬೇಡಿ ಅಂತ ಡಾಕ್ಟ್ರು ಹೇಳಿದ್ರು. ಆದ್ರೆ ತೊಂಬತ್ತೆರಡರಲ್ಲಿ ಸಣ್ಣದೊಂದು ಬಂತು. ಬೆಳಿಗ್ಗೆ ಎದ್ದೋರು ಟೀ ಇಸ್ಕೊಂಡು, "ದೇವ್ರು ಒಳ್ಳೇದ್ ಮಾಡ್ಲಿ ಅಮ್ಮಾ" ಅಂದ್ರು. ಷಮೀಮ್ ಅಮ್ಮ ಹೋಗಿ ಬರೀ ಅಮ್ಮ ಆಯ್ತು. ಹಾಲಿನೋಳೂ ಅಮ್ಮ, ಓಬಳಮ್ಮನೂ ಅಮ್ಮ, ಹಮೀದಾ ಬೇಗಮ್ಮೂ ಅಮ್ಮ. ಮೂವರಿಗೂ ಒಂದೇ ಮರ್ಯಾದೆ. ಕೂತ್ಕೊಳ್ಳಿ ಅಮ್ಮಾ, ಬನ್ನಿ ಅಮ್ಮಾ.

ಓಬಳಮ್ಮ ಆವತ್ತು ತಮಾಷೆ ಮಾಡ್ಲಿಲ್ಲ. "ಮುರುಗಮಲ್ಲಕ್ಕೆ ಕರ್ಕೊಂಡ್ ಹೋಗೇ. ನಮ್ಮೋರೂ ಹೋಗ್ತಾರೆ ಅಲ್ಲಿಗೆ" ಅಂದ್ಲು.

ಮುರುಗಮಲ್ಲದ ದರ್ಗಾಕ್ಕೆ ಜನ ಹರಕೆ ಹೊತ್ಕೊಂಡು ಹೋಗ್ತಾರೆ. ಅಲ್ಲೇ ಬಯಲಲ್ಲಿ ಒಲೆ ಹೂಡಿ, ಅಡಿಗೆ ಮಾಡಿ, ಬಂದೋರಿಗೆಲ್ಲಾ ಬಡಿಸ್ತಾರೆ. ತೊಂಬತ್ಮೂರರಲ್ಲಿ ಹಮೀದಾ ಬೇಗಂ ಸಾಬ್ರನ್ನ ಕರ್ಕೊಂಡು ಹೋದ್ಲು. ಅಡಿಗೆಗೆ ಬಂದವ್ನು ದಸ್ತಗಿರ್. ಹುಸೇನ್ ಸಾಬ್ರ ಜೊತೆ ಮೊದ್ಲಿಂದ್ಲೂ ದೇಗು ತೊಳೆದು, ಈರುಳ್ಳಿ ಹೆಚ್ಚಿ, ಈಗ ತಾನೂ ಬಾವರ್ಚಿ ಆಗಿದ್ದ. ಸಾಬ್ರನ್ನ ಅಣ್ಣನಂಗೆ ನೋಡೋನು.

ಸಾಬ್ರನ್ನ ಹೊಂಗೆ ನೆರಳಲ್ಲಿ ಕಲ್ಲಿನ ಮೇಲೆ ಕೂರಿಸಿದ್ರು. ಅವ್ರು ಹೋಗಿ ಬರೋ ಜನಾನ ನೋಡ್ಕೊಂಡು ಕೂತಿದ್ರು. ಹಮೀದಾ ಬೇಗಂ ಸ್ವಲ್ಪ ದೂರದಲ್ಲಿ ಚಾಪೆ ಮೇಲೆ ಕೊತ್ತಂಬರಿ ಸೋಸ್ತಾ ಇದ್ಲು.

ಮಧ್ಯಾಹ್ನ ಕುರ್ಮದ ದೇಗಿನ ಮುಚ್ಚಳ ಎತ್ತಿದ್ರು. ಹಬೆ ಎದ್ದು ಬಯಲೆಲ್ಲಾ ತುಂಬ್ಕೊಂಡ್ತು. ಹುಸೇನ್ ಸಾಬ್ರು ಎದ್ರು. ಯಾರೂ ಕರೀಲಿಲ್ಲ. ಲುಂಗಿ ಮೇಲೆತ್ತಿ ಕಟ್ಟಿದ್ರು. ನೆಟ್ಟಗೆ ದೇಗಿನ ಹತ್ರ ಬಂದು, ಹಬೆಗೆ ಮುಖ ಕೊಟ್ಟು, ಕಣ್ಮುಚ್ಚಿ ಉಸಿರೆಳೆದ್ರು.

"ಇನ್ನೊಂದು ಹಿಡಿ."

ದಸ್ತಗಿರ್ ಒಂದು ಹಿಡಿ ಉಪ್ಪು ಹಾಕ್ದ. ಕೆಂಪಗೆ ತರಿ ತೇಲ್ತಾ ಇತ್ತು. ಬಡಿಸೋಕೆ ಅಂತ ಸೌಟು ಇಳಿಸಿದ. ಸಾಬ್ರು ಅವನ ಕೈ ಹಿಡಿದ್ರು.

"ನಿಲ್ಲೋ. ಹಮೀದಾ ಡಬ್ಬಿ ಎಲ್ಲಿ?"

"ಇಗೋ, ತರ್ತೀನಿ ಭಾಯ್" ಅಂದ ದಸ್ತಗಿರ್, ದಿನಾ ಕೇಳೋ ಮಾತಿನ ಹಂಗೆ. ಅಲ್ಲೇ ಬಿದ್ದಿದ್ದ ಒಂದು ಸ್ಟೀಲ್ ಡಬ್ಬಿ ತೊಳೆದು ಕೊಟ್ಟ.

ಚಾಪೆ ಮೇಲೆ ಹಮೀದಾ ಬೇಗಂ ಕೈಯಲ್ಲಿ ಕೊತ್ತಂಬರಿ ಹಂಗೇ ನಿಂತ್ಹೋಯ್ತು.

"ದಸ್ತಗಿರ್. ಏನಂದ್ರು ಅವ್ರು?"

"ಏನ್ ಭಾಬಿ?"

"ಡಬ್ಬಿ... ಯಾರ ಡಬ್ಬಿ ಅಂದ್ರು?"

ದಸ್ತಗಿರ್ ನಕ್ಕ. "ನಿಮಗೆ ಗೊತ್ತಿಲ್ವಾ ಭಾಬಿ? ಯಾವ ಮದುವೇಲೂ ಇದೇ ಮಾತು. ಹಮೀದಾ ಡಬ್ಬಿ ತುಂಬೋವರ್ಗೂ ಮದುಮಗನ ತಟ್ಟೇನೂ ಹೊರಡಂಗಿಲ್ಲ. ನನ್ನ ಹೆಂಡ್ತಿಗೆ ತರಿ ಅಂದ್ರೆ ಆಸೆ ಕಣ್ರೋ ಅನ್ನೋರು. ಒಲೆ ಹತ್ರ ಕೆಲಸ ಮಾಡೋ ಹುಡುಗ್ರಿಗೆಲ್ಲಾ ನಿಮ್ಮ ಹೆಸ್ರು ಗೊತ್ತು."

ಆಯಮ್ಮ ಕೊತ್ತಂಬರಿ ಕೆಳಗಿಟ್ಲು. ನನಗಾ? ಆ ತರಿ ನನಗೇ ತರ್ತಿದ್ದಿದ್ದಾ? ಅವ್ರಿಗೆ ಆಸೆ ಅಂತ ನಾನು ಅವ್ರ ತಟ್ಟೆಗೆ ಬಗ್ಗಿಸ್ದೆ. ನಾನು ಪ್ರೀತಿಯಿಂದ ಹಾಕ್ತೀನಿ ಅಂತ ಅವ್ರು ಬೇಡ ಅನ್ನದೆ ತಿಂದ್ರು. ಒಂದು ಮಾತು ಇಬ್ರೂ ಆಡ್ಲಿಲ್ಲ. ಮನೇಲಿ ಬಾಯಿಗೆ ಬರ್ದೇ ಇದ್ದ ಹೆಸ್ರು ಅಷ್ಟೂ ವರ್ಷ ಬೆಂಕಿ ಮುಂದೆ ಕೂಗ್ತಾ ಇತ್ತು. ಆ ಚುಕ್ಕೆಗಳು ಏನೇನೋ ತಿಂದು ಹಾಕಿದ್ವು. ವಾರ ತಿಂದ್ವು, ದಾರಿ ತಿಂದ್ವು, ಮಗಳನ್ನ ತಿಂದ್ವು. ಇದೊಂದರ ಹತ್ರ ಬಂದಿಲ್ಲ. ಹಬೆ ಮುಟ್ಟಿದ್ದೇ ತಡ, ತುದಿ ತಾನಾಗೇ ಎದ್ದು ಬಂತು.

ಹುಸೇನ್ ಸಾಬ್ರು ಡಬ್ಬಿ ತುಂಬಿಸಿ, ಹೆಗಲ ಮೇಲಿನ ಟವಲ್ ಸುತ್ತಿ, ಬಿಗಿಯಾಗಿ ಕಟ್ಟಿದ್ರು. ಸುತ್ತಾ ನೋಡಿದ್ರು. ನೆಟ್ಟಗೆ ಆಯಮ್ಮನ ಹತ್ರಾನೇ ಬಂದ್ರು. ಆಯಮ್ಮ ಎದ್ದು ನಿಂತ್ಲು.

"ಅಮ್ಮಾ" ಅಂದ್ರು ಸಾಬ್ರು, ಮರ್ಯಾದೆಯಿಂದ. "ನೀವು ಶಿಡ್ಲಘಟ್ಟದ ಕಡೆ ಹೋಗ್ತೀರಾ?"

"...ಹೋಗ್ತೀನಿ ಜೀ."

"ಹಂಗಾದ್ರೆ ಒಂದುಪಕಾರ ಮಾಡಿ. ಇದನ್ನ ನಮ್ಮನೇಲಿ ಕೊಟ್ಬಿಡಿ. ಹಮೀದಾ ಅಂತ. ಬಿಸಿ ಇರೋವಾಗ್ಲೇ ತಿನ್ನು ಅನ್ನಿ. ಅವಳು ತಿನ್ನಲ್ಲಮ್ಮ, ಎಲ್ಲಾ ನನಗೇ ಹಾಕ್ಬಿಡ್ತಾಳೆ. ನನಗೆ ಎತ್ತಿಡ್ಬೇಡ ಅನ್ನಿ."

ಹಮೀದಾ ಬೇಗಂ ಎರಡೂ ಕೈಯಲ್ಲಿ ಡಬ್ಬಿ ಇಸ್ಕೊಂಡ್ಲು. ಬಿಸಿ ಅಂಗೈಗೆ ತಾಕ್ತಾ ಇತ್ತು.

"ಹೇಳ್ತೀನಿ ಜೀ" ಅಂದ್ಲು.

ಸಾಬ್ರು ಕೆಲಸ ಮುಗೀತು ಅನ್ನೋ ಹಂಗೆ ಹೋಗಿ ಹೊಂಗೆ ನೆರಳಲ್ಲಿ ಕೂತ್ರು. ಆಯಮ್ಮ ಅವ್ರ ಎದುರಿಗೇ ನೆಲದ ಮೇಲೆ ಕೂತು, ಟವಲ್ ಗಂಟು ಬಿಚ್ಚಿದ್ಲು. ದಸ್ತಗಿರ್ ಹತ್ರ ರೊಟ್ಟಿ ಇಸ್ಕೊಂಡು, ತುಂಡು ಮಾಡಿ, ತರೀಲಿ ಅದ್ದಿ ಬಾಯಿಗಿಟ್ಕೊಂಡ್ಲು. ಅಷ್ಟು ವರ್ಷದಲ್ಲಿ ಮೊದಲನೇ ಸಲ ತುಂಬಿದ ಡಬ್ಬಿ ತಿನ್ನೋಳು ತಾನೇ ಆಗಿದ್ಲು. ಸಾಬ್ರ ಕಡೆಗೆ ಒಂದು ತುಂಡೂ ಚಾಚ್ಲಿಲ್ಲ.

ಅವ್ರು ನೋಡ್ತಾನೇ ಇದ್ರು.

"ಉಪ್ಪು ಸರಿ ಐತಾ?" ಅಂದ್ರು.

"ಸರಿ ಐತೆ" ಅಂದ್ಲು ಹಮೀದಾ.